ಐದನೆಯ ಕಂಬ

ಹರಾಜಿನಲ್ಲಿ ಕೊಂಡದ್ದು: ಕಣಿವೆಯ ಮುಚ್ಚಿದ ಡೇರಿಯ
ಉಕ್ಕಿನ ಎಲುಬುಗೂಡು. ಕಂಬ ಹನ್ನೆರಡು, ತೊಲೆ ಆರು ಜೋಡಿ,
ಡಬ್ಬದ ತುಂಬ ತುಕ್ಕು ಕಚ್ಚಿದ ಬೋಲ್ಟು.
ಬಿಚ್ಚುವಾಗ ಇದ್ವಾಲ್ ಒಂದೊಂದಕ್ಕೂ
ಸೀಮೆಸುಣ್ಣದಲ್ಲಿ ನಂಬರು ಹಾಕಿದ್ದ.
ಸೀಮೆಸುಣ್ಣ! ವೇಲ್ಸಿನಲ್ಲಿ! ನವೆಂಬರಿನಲ್ಲಿ!
ಟ್ರೇಲರು ನಮ್ಮ ಗುಡ್ಡ ಹತ್ತುವಷ್ಟರಲ್ಲಿ
ಕಂಬಗಳೆಲ್ಲ ಒಂದೇ ತಾಯ ಮಕ್ಕಳು.

ಹನ್ನೆರಡು ಎಕರೆ, ನಲವತ್ತು ಕುರಿ, ಎರಡು ಹಂದಿ.
ಇಷ್ಟಕ್ಕೆ ಮನೆಗಿಂತ ದೊಡ್ಡ ಶೆಡ್ಡು ಯಾತಕ್ಕೆ ಅಂದೆ.
‘ಒಣಹುಲ್ಲಿಗೆ’ ಅಂದ. ‘ಟ್ರ್ಯಾಕ್ಟರಿಗೆ. ಈಯುವ ಕುರಿಗೆ.’
ಆಮೇಲೆ, ಪಿಂಗಾಣಿ ತೊಳೆಯುತ್ತ, ಮೆಲ್ಲಗೆ, ‘ಲೇತಿಗೆ.’
ನಮ್ಮಲ್ಲಿ ಲೇತಿಲ್ಲ.
ನಕ್ಷೆಯಲ್ಲಿ ಮಾತ್ರ ಅದರ ಜಾಗಕ್ಕೆ ಕೆಂಪು ಗೆರೆ.

ಅಳೆದೂ ಸುರಿದೂ ಮೂರು ವಾರ.
ಗೂಟ, ದಾರ, ಮತ್ತೆ ಗೂಟ.
ಮಗಳು ನೆಸ್ಟಾ ಟೇಪಿನ ತುದಿ ಹಿಡಿದು
ಮೂಲೆಯಿಂದ ಮೂಲೆಗೆ ಓಡಿದಳು.
ಕರ್ಣ ಎರಡೂ ಸಮ ಬಂದವೆಂದು ಕುಣಿದೆವು.
ಒಂದು ಮೂಲೆಯಲ್ಲಿ ಗೂಟದ ಆಚೆ ಮಗ್ಗುಲಿಂದ ಹಿಡಿದಿದ್ದೆ
ಎಂದು ಅವಳು ಬಾಯಿ ಬಿಟ್ಟದ್ದು
ಕಾಂಕ್ರೀಟು ಗಟ್ಟಿಯಾದ ಮೇಲೆ.
ಒಂದೂವರೆ ಇಂಚು ಸೊಟ್ಟ.
ಇದ್ವಾಲ್ ಏನೂ ಅನ್ನಲಿಲ್ಲ, ಹಂದಿಗಳಿಗೆ ಮೇವು ಹಾಕಲು ಹೋದ,
ಆಗಲೇ ಎರಡು ಸಲ ಹಾಕಿದ್ದ.

ಬೇಲಿಯಾಚೆ ಎಮ್ಲಿನ್ ಮೂರು ದಿನದಿಂದ ನಿಂತು ನೋಡುತ್ತಿದ್ದ.
ನಾವು ಕರೆದಿರಲಿಲ್ಲ. ಅವನ ನಾಯಿ
ನಮ್ಮ ಮರಿಗೆ ಬಾಯಿ ಹಾಕಿದ ವರ್ಷದಿಂದ ಮಾತಿಲ್ಲ ಕತೆಯಿಲ್ಲ.
ನಾಲ್ಕನೆಯ ದಿನ ತಾನೇ ಗೇಟು ತೆಗೆದ.
ಕೈಗವಸು ಕಳಚಿ ಜೇಬಿಗೆ ತುರುಕಿದ.
ರಾಶಿ ಬಿದ್ದ ಕಂಬಗಳ ಮೈ ಸವರುತ್ತ ನಡೆದ,
ಗಬ್ಬದ ಹಸುವಿನ ಹೊಟ್ಟೆ ಮುಟ್ಟಿ ನೋಡುವವನ ಹಾಗೆ.

‘ಇದು ಬಾಗಿಲ ಪಕ್ಕದ್ದು. ಈ ತಗ್ಗು ನನ್ನ ಗಾಡಿ ಗುದ್ದಿದ್ದು.
ಹನ್ನೆರಡು ಕ್ಯಾನು ಹಾಲು ಚೆಲ್ಲಿ
ಅರ್ಧ ದಿನದ ಕೂಲಿ ಹಿಡಿದರು.’
‘ಇದು ಬೆಣ್ಣೆ ಕೋಣೆಯದು. ಬೇಕಾದರೆ ಮೂಸಿ ನೋಡು.’
ಮೂಸಿದೆ. ಬರೀ ಕಬ್ಬಿಣ.
ಹೌದು ಅಂದೆ.
ಐದನೆಯದರ ಹತ್ತಿರ ಮಾತ್ರ ಸುಮ್ಮನೆ ನಿಂತ,
ತಲೆಯೆತ್ತರದ ತೂತಿನಲ್ಲಿ ಕಿರುಬೆರಳು ಇಟ್ಟು.
‘ಇಲ್ಲಿ ಗಡಿಯಾರ.’
ನೆಸ್ಟಾ ಹಿಂದೆ ಹಿಂದೆಯೇ ನಂಬರು ಬರೆದಳು,
ಈ ಸಲ ಎಣ್ಣೆ ಬಣ್ಣದಲ್ಲಿ.

ಅವನದೇ ಯಂತ್ರ ಎತ್ತಿತು, ಅವನೇ ‘ತಡಿ, ತಡಿ’ ಅಂದ.
ಒಂದೂವರೆ ಇಂಚಿಗೆ ತಗಡಿನ ಚೂರು ತುರುಕಿ
‘ಅಲ್ಲೂ ಸೊಟ್ಟವೇ ಇತ್ತು’ ಎಂದ. ಸುಳ್ಳಿರಬೇಕು.
ಜನವರಿಗೆ ತಗಡು ಹೊದ್ದಿತು ಮಾಡು,
ಕಡಲ ಗಾಳಿ ಬಂದು ಮೊದಲ ರಾತ್ರಿಯೇ ತಟ್ಟಿ ನೋಡಿತು.
ಕಿಟಕಿಗಾಗಿ ನಾನು ಜಗಳವಾಡಿ ಗೆದ್ದೆ,
ಶಾಲೆ ಬಿಸುಟ ಬೀರುವಿನಲ್ಲಿ ಮೊಳೆ, ಸ್ಕ್ರೂ, ವಾಷರು,
ಪ್ರತಿ ಗೂಡಿನ ಮೇಲೂ ಯಾವುದೋ ಮಗುವಿನ ಹೆಸರು.
ಇದ್ವಾಲನ ಎತ್ತರಕ್ಕೆ ಕಟ್ಟಿದ ಕೆಲಸದ ಮೇಜಿನ ಕಾಲು
ಅವನು ಪೇಟೆಗೆ ಹೋದ ದಿನ ನಾಲ್ಕಿಂಚು ಕೊಯ್ದೆ.
ಈಗ ಅವನು ಬಾಗುತ್ತಾನೆ.
ಲೇತಿನ ಜಾಗದಲ್ಲಿ ಹೆಣ್ಣು ಹಂದಿ ಮಲಗಿದೆ,
ಕೆಂಪು ಗೆರೆ ದಾಟದೆ.

ಎಮ್ಲಿನ್ ದಿನಾ ಬರುತ್ತಾನೆ, ಏನಾದರೊಂದು ಉಜ್ಜುತ್ತಾನೆ,
ಸಂಜೆಗೆ ತಲೆಯೆತ್ತಿ ಐದನೆಯ ಕಂಬ ನೋಡುತ್ತಾನೆ,
ಅಲ್ಲಿ ತೂತು.
ನೋಡಲಾರದೆ ಅಡುಗೆಮನೆಯದನ್ನೇ ತಂದು ತೂಗುಹಾಕಿದೆ.
ಬಹಳ ಹೊತ್ತು ನೋಡಿದ.
‘ಇದು ಸರಿಯಾಗಿದೆ,’ ಅಂದ, ದೂರುವವನಂತೆ.
‘ಅಲ್ಲಿಯದು ಹತ್ತು ನಿಮಿಷ ಹಿಂದಿರುತ್ತಿತ್ತು. ಬೇಕೆಂದೇ.
ಇಪ್ಪತ್ತೆರಡು ವರ್ಷ.’
ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.
ಕೋಟು ತೊಟ್ಟ,
ನಾಯಿಗೆ ಸಿಳ್ಳೆ ಹಾಕಿದ.